ಹಳ್ಳಿಯಲ್ಲಿ ಮನೆ, ಹೊಲ ಕೊಳ್ಳುವ ಮುನ್ನ ಮೋಜಣಿ

ಎತ್ತು ಕೊಳ್ಳಲು ಜಾತ್ರೆಗೆ ಹೋದ ರೈತನು ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಗೊರಸು ಎತ್ತಿ ನೋಡುತ್ತಾನೆ, ಅದೂ ಸಾಲದೆಂದು ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಅದೇ ರೈತನು ಜೀವಮಾನದ ಉಳಿತಾಯವನ್ನೆಲ್ಲ ಸುರಿದು ಎರಡೆಕರೆ ಹೊಲವನ್ನೂ ಅದರಲ್ಲಿರುವ ಮನೆಯನ್ನೂ ಕೊಳ್ಳುವಾಗ, ಮಾರುವವರು ಬದುವಿನ ಮೇಲೆ ನಿಂತು "ಅಗೋ ಆ ಹುಣಸೆಮರದಿಂದ ಈ ಬೇಲಿಯವರೆಗೆ" ಎಂದು ಕೈ ತೋರಿಸಿದ್ದನ್ನೇ ಅಳತೆಯೆಂದು ಒಪ್ಪಿಕೊಳ್ಳುತ್ತಾನೆ. ಪಹಣಿಯಲ್ಲಿ ಇಷ್ಟು ಗುಂಟೆ ಎಂದು ಬರೆದಿದೆ, ಬೇಲಿಯೂ ಇದೆ, ಮನೆಯೂ ಕಣ್ಣೆದುರಿಗಿದೆ, ಇನ್ನೇನು ಅಳೆಯುವುದು ಎಂಬುದು ಬಹುಮಂದಿಯ ಭಾವನೆ.

ಆದರೆ ಪಹಣಿ ಎಂಬುದು ನಕ್ಷೆಯಲ್ಲ. ಬೇಲಿ ಎಂಬುದು ಗಡಿಯಲ್ಲ. ಮನೆ ನಿಂತಿರುವ ಜಾಗವು ಮಾರುವವರ ಸರ್ವೆ ನಂಬರಿನೊಳಗೇ ಇರಬೇಕೆಂಬ ನಿಯಮವೂ ಇಲ್ಲ. ಈ ಮೂರೂ ಒಂದಕ್ಕೊಂದು ಹೊಂದುತ್ತವೆಯೇ ಎಂಬುದನ್ನು ಹೇಳಬಲ್ಲದ್ದು ಮೋಜಣಿಯೊಂದೇ. ಭೂಸುಧಾರಣಾ ಕಾಯ್ದೆಯ 79-ಎ ಮತ್ತು 79-ಬಿ ಕಲಮುಗಳನ್ನು 2020ರ ತಿದ್ದುಪಡಿಯಲ್ಲಿ ತೆಗೆದ ಮೇಲೆ ಕೃಷಿಕರಲ್ಲದವರೂ ಸಾಗುವಳಿ ಜಮೀನು ಕೊಳ್ಳಲು ಮುಂದೆ ಬಂದಿದ್ದಾರೆ. ನಿವೃತ್ತರಾಗಿ ಊರಿಗೆ ಮರಳುವವರು, ತೋಟದ ಮನೆ ಬೇಕೆನ್ನುವ ಪಟ್ಟಣಿಗರು, ಪಕ್ಕದ ಹೊಲವನ್ನು ಸೇರಿಸಿಕೊಳ್ಳಬಯಸುವ ರೈತರು, ಎಲ್ಲರೂ ಗ್ರಾಮದ ವಿಸ್ತರಣಾ ಕಾರ್ಯಕರ್ತರನ್ನು ಮೊದಲು ಕೇಳುವ ಮಾತು "ಮಣ್ಣು ಹೇಗಿದೆ, ನೀರು ಹೇಗಿದೆ" ಎಂದು. ಅದು ಸರಿಯಾದ ಪ್ರಶ್ನೆಯೇ. ಆದರೆ ಅದಕ್ಕೂ ಮೊದಲು "ಯಾವ ಮಣ್ಣು ನಮ್ಮದಾಗುತ್ತದೆ" ಎಂಬುದು ತಿಳಿದಿರಬೇಕು.

ಗುಂಟೆಯ ಲೆಕ್ಕ

ಮೊದಲಿಗೆ ಅಳತೆಯ ಮೂಲವನ್ನು ನೋಡೋಣ. 33 ಅಡಿ ಉದ್ದ, 33 ಅಡಿ ಅಗಲದ ಚೌಕವೇ ಒಂದು ಗುಂಟೆ, ಅಂದರೆ 1,089 ಚದರಡಿ. ಇಂಥ 40 ಗುಂಟೆಗಳು ಕೂಡಿದರೆ ಒಂದು ಎಕರೆ, 43,560 ಚದರಡಿ. ಒಂದು ಗುಂಟೆಗೆ 16 ಆಣೆ. ಕರಾವಳಿಯಲ್ಲಿ ಸೆಂಟ್ಸ್ ಲೆಕ್ಕವಿದೆ. ಎಕರೆಗೆ 100 ಸೆಂಟ್ಸ್, ಆದುದರಿಂದ ಒಂದು ಗುಂಟೆಗೆ ಎರಡೂವರೆ ಸೆಂಟ್ಸ್. ಒಂದು ಹೆಕ್ಟೇರ್ ಎಂದರೆ ಸುಮಾರು 2 ಎಕರೆ 19 ಗುಂಟೆ.

ಹಳೆಯ ಮೋಜಣಿದಾರರು 33 ಅಡಿಯ ಸರಪಳಿಯನ್ನು ಬಳಸಿದ್ದರ ಜಾಣತನ ಇಲ್ಲಿದೆ. ಉದ್ದ, ಅಗಲಗಳನ್ನು ಸರಪಳಿಯಲ್ಲೇ ಎಣಿಸಿದರೆ ಗುಣಿಸಿದಾಗ ಬರುವ ಉತ್ತರ ನೇರವಾಗಿ ಗುಂಟೆಯಲ್ಲೇ ಬರುತ್ತದೆ. ಸರಪಳಿಯಲ್ಲಿ 16 ಆಣೆಗಳ ಗುರುತೂ ಇರುತ್ತಿತ್ತು.

ಹೊಲ ಚೌಕವಾಗಿದ್ದರೆ ಲೆಕ್ಕ ಸುಲಭ. ಆದರೆ ನಮ್ಮ ಹೊಲಗಳಲ್ಲಿ ಚೌಕವಾದವು ಎಷ್ಟು? ಓರೆಯಾದ ಹೊಲವನ್ನು ಊರಿನಲ್ಲಿ ಅಳೆಯುವ ರೂಢಿ ಹೀಗಿದೆ: ಎದುರುಬದುರಿನ ಎರಡು ಬದುಗಳ ಉದ್ದ ಕೂಡಿಸಿ ಅರ್ಧ ಮಾಡುವುದು, ಉಳಿದೆರಡು ಬದುಗಳನ್ನೂ ಹಾಗೆಯೇ ಮಾಡುವುದು, ಆಮೇಲೆ ಎರಡನ್ನೂ ಗುಣಿಸುವುದು. ಈ ಕ್ರಮದಲ್ಲಿ ಓರೆ ಹೊಲದ ವಿಸ್ತೀರ್ಣ ಯಾವಾಗಲೂ ನಿಜಕ್ಕಿಂತ ಹೆಚ್ಚಾಗಿಯೇ ಬರುತ್ತದೆ. ಎಂದೂ ಕಡಿಮೆಯಾಗಿ ಬರುವುದಿಲ್ಲ. ನಷ್ಟ ಯಾವಾಗಲೂ ಕೊಳ್ಳುವವನಿಗೇ ಎಂಬುದನ್ನು ಗಮನಿಸಬೇಕು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಹೊಲದ ನಾಲ್ಕು ಬದುಗಳು ಅನುಕ್ರಮವಾಗಿ 429, 211, 408 ಮತ್ತು 165 ಅಡಿ ಇವೆ. ರೂಢಿಯ ಲೆಕ್ಕದಂತೆ 429 ಮತ್ತು 408ರ ಸರಾಸರಿ 418½. 211 ಮತ್ತು 165ರ ಸರಾಸರಿ 188. ಗುಣಿಸಿದರೆ 78,678 ಚದರಡಿ, ಅಂದರೆ 72 ಗುಂಟೆಗೆ ಚೂರು ಹೆಚ್ಚು. 1 ಎಕರೆ 32 ಗುಂಟೆ ಎಂದು ವ್ಯಾಪಾರ ಕುದುರುತ್ತದೆ.

ಈಗ ಮೋಜಣಿಯ ಕ್ರಮದಲ್ಲಿ ಅಳೆಯಿರಿ. ಒಂದು ಮೂಲೆಯಿಂದ ಎದುರು ಮೂಲೆಗೆ ಹೊಲವನ್ನು ಸೀಳಿದಂತೆ ನೇರವಾಗಿ ಹಗ್ಗ ಹಿಡಿದರೆ 528 ಅಡಿ ಬರುತ್ತದೆ, ಅಂದರೆ 16 ಸರಪಳಿ. ಈ ಕರ್ಣರೇಖೆಯಿಂದ ಉಳಿದ ಎರಡು ಮೂಲೆಗಳಿಗೆ ಲಂಬವಾಗಿ ಅಳೆದರೆ ಒಂದು ಕಡೆ 165 ಅಡಿ, ಇನ್ನೊಂದು ಕಡೆ 99 ಅಡಿ, ಎಂದರೆ 5 ಸರಪಳಿ ಮತ್ತು 3 ಸರಪಳಿ. ಎರಡನ್ನೂ ಕೂಡಿಸಿದರೆ 8. 16ರಿಂದ ಗುಣಿಸಿ ಅರ್ಧ ಮಾಡಿದರೆ 64. ಹೊಲ ಇರುವುದು 1 ಎಕರೆ 24 ಗುಂಟೆ ಮಾತ್ರ. ಬದುಗಳು ಅವೇ, ಹೊಲವೂ ಅದೇ, ಆದರೆ 8 ಗುಂಟೆ ಗಾಳಿಯಲ್ಲಿ ಹೋಯಿತು. ಎಕರೆಯ ಐದನೆಯ ಒಂದು ಭಾಗಕ್ಕೆ ಕೊಟ್ಟ ಹಣಕ್ಕೆ ಮಣ್ಣೇ ಇಲ್ಲ. ಮುಂದೆ ಅದೇ ತಪ್ಪು ವಿಸ್ತೀರ್ಣಕ್ಕೆ ಬೀಜ, ಗೊಬ್ಬರ ಹಾಕುತ್ತ ಹೋಗುವುದು ಬೇರೆ. ಶಿಫಾರಸಿನಂತೆ ಗೊಬ್ಬರ ಹಾಕಿದೆ, ಇಳುವರಿ ಮಾತ್ರ ಎಕರೆ ಲೆಕ್ಕಕ್ಕೆ ಬರುತ್ತಿಲ್ಲ ಎಂದು ದೂರುವ ರೈತರಲ್ಲಿ ಕೆಲವರ ತೊಂದರೆ ಬೆಳೆಯದಲ್ಲ, ವಿಸ್ತೀರ್ಣದ್ದು.

ಲಂಬವನ್ನು ಹಿಡಿಯಲು ಮೋಜಣಿದಾರರ ಬಳಿ ಕ್ರಾಸ್ ಸ್ಟಾಫ್ ಇರುತ್ತದೆ. ರೈತರು ಹಗ್ಗದಿಂದಲೂ ಮಾಡಬಹುದು: 3, 4 ಮತ್ತು 5 ಮಾರಿಗೆ ಗಂಟು ಹಾಕಿದ ಹಗ್ಗವನ್ನು ತ್ರಿಕೋನವಾಗಿ ಬಿಗಿದರೆ 3 ಮತ್ತು 4ರ ಭಾಗಗಳು ಕೂಡುವ ಮೂಲೆ ಲಂಬಕೋನವಾಗುತ್ತದೆ. ಇದು ನಿಮ್ಮ ಸಮಾಧಾನಕ್ಕಾಗಿ ಮಾಡುವ ಅಳತೆ, ಕಾನೂನಿನ ಅಳತೆಯಲ್ಲ. ಆದರೆ ಮುಂಗಡ ಕೊಡುವ ಮೊದಲು ಇಷ್ಟನ್ನು ಯಾರು ಬೇಕಾದರೂ ಮಾಡಿಕೊಳ್ಳಬಹುದು.

ಕಾಗದಗಳಲ್ಲಿ ಏನು ನೋಡಬೇಕು

ಪಹಣಿಯ 3ನೆಯ ಕಾಲಮ್ಮಿನಲ್ಲಿ ವಿಸ್ತೀರ್ಣ, 9ರಲ್ಲಿ ಕಬ್ಜೆದಾರರ ಹೆಸರು, 11ರಲ್ಲಿ ಸಾಲ ಮುಂತಾದ ಋಣಗಳು ಇರುತ್ತವೆ. ಪಹಣಿಯಲ್ಲಿನ ನಮೂದು ಅನ್ಯಥಾ ರುಜುವಾತಾಗುವವರೆಗೆ ಸರಿಯೆಂದು ಭಾವಿಸತಕ್ಕದ್ದೆಂದು 1964ರ ಭೂಕಂದಾಯ ಕಾಯ್ದೆ ಹೇಳುತ್ತದೆ. "ಅನ್ಯಥಾ ರುಜುವಾತಾಗುವವರೆಗೆ" ಎಂಬ ಮಾತನ್ನು ಹೆಚ್ಚಿನವರು ಓದುವುದೇ ಇಲ್ಲ.

ವಿಸ್ತೀರ್ಣದ ವಿಷಯದಲ್ಲಿ ಮೋಜಣಿ ಇಲಾಖೆಯ ಮೂಲ ದಾಖಲೆಗಳು ಬೇರೆ ಇವೆ. ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ, ಖರಾಬು, ಸಾಗುವಳಿಯ ಭಾಗ ಮತ್ತು ಅದರ ಕಂದಾಯವನ್ನು ಹೇಳುವುದು ಆಕಾರಬಂದ್. ಹೊಲದ ಆಕಾರ, ಕರ್ಣರೇಖೆ, ಲಂಬಗಳ ಅಳತೆಗಳನ್ನು ಕಚ್ಚಾ ರೂಪದಲ್ಲಿ ಬರೆದಿಟ್ಟದ್ದು ಟಿಪ್ಪಣಿ. ಹಳೆಯ ಮೈಸೂರು ಸೀಮೆಯಲ್ಲೂ ಮುಂಬಯಿ ಕರ್ನಾಟಕದಲ್ಲೂ 19ನೆಯ ಶತಮಾನದಲ್ಲಿ ಸರಪಳಿ ಹಿಡಿದು ಅಳೆದ ಮೂಲ ಮೋಜಣಿಯೇ ಇಂದಿನ ಬಹುಪಾಲು ಗಡಿಗಳಿಗೆ ಆಧಾರ. ಆ ಹಳದಿ ಕಾಗದದ ಟಿಪ್ಪಣಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿದವರಿಗೆ ಅಂದಿನ ಮೋಜಣಿದಾರರ ಮೇಲೆ ಗೌರವ ಹುಟ್ಟದೆ ಇರದು.

ಒಂದು ಸರ್ವೆ ನಂಬರಿನಲ್ಲಿರುವ ಎಲ್ಲ ಪಹಣಿಗಳ ವಿಸ್ತೀರ್ಣವನ್ನು ಕೂಡಿಸಿದರೆ ಆಕಾರಬಂದಿನ ವಿಸ್ತೀರ್ಣ ಬರಬೇಕು. ಅನೇಕ ಕಡೆ ಅದಕ್ಕಿಂತ ಹೆಚ್ಚು ಬರುತ್ತದೆ. ಅಣ್ಣತಮ್ಮಂದಿರು ಬಾಯಿಮಾತಿನ ಮೇಲೆ ಪಾಲು ಮಾಡಿಕೊಂಡು, ಖರಾಬನ್ನೂ ಲೆಕ್ಕಕ್ಕೆ ಸೇರಿಸಿ ಖಾತೆ ಮಾಡಿಸಿದರೆ ಹೀಗಾಗುತ್ತದೆ. ನಾಲ್ಕೆಕರೆ ನೆಲವು ಕಾಗದದಲ್ಲಿ ನಾಲ್ಕೂವರೆ ಎಕರೆಯಾಗಿರುವಾಗ, ಕೊನೆಗೆ ಕೊಂಡವನ ಪಾಲಿಗೆ ಆ ಅರ್ಧ ಎಕರೆಯ ಕೊರತೆ ಬಂದು ಬೀಳುತ್ತದೆ. ಆದುದರಿಂದ ನೀವು ಕೊಳ್ಳುವ ಹಿಸ್ಸೆಯ ಪಹಣಿಯನ್ನು ಮಾತ್ರವಲ್ಲದೆ ಆ ಸರ್ವೆ ನಂಬರಿನ ಎಲ್ಲ ಪಹಣಿಗಳನ್ನೂ ತೆಗೆಸಿ ಆಕಾರಬಂದಿನೊಡನೆ ತಾಳೆ ನೋಡತಕ್ಕದ್ದು.

ಸರ್ವೆ ನಂಬರಿನ ಮುಂದೆ "ಪಿ" ಅಥವಾ "ಪೈಕಿ" ಎಂದಿದ್ದರೆ ಇನ್ನೂ ಎಚ್ಚರ ಬೇಕು. ಕಾಗದದಲ್ಲಿ ಪಾಲಾಗಿದೆ, ನೆಲದ ಮೇಲೆ ಪೋಡಿ ಆಗಿಲ್ಲ ಎಂದು ಇದರ ಅರ್ಥ. ಸರ್ಕಾರಿ ಜಮೀನನ್ನು ಹಲವರಿಗೆ ಮಂಜೂರು ಮಾಡಿದ ಸರ್ವೆ ನಂಬರುಗಳಲ್ಲಿ ಇದು ಬಹು ಸಾಮಾನ್ಯ. ಯಾರ ಎರಡೆಕರೆ ಯಾವ ಮೂಲೆಯಲ್ಲಿದೆ ಎಂಬುದಕ್ಕೆ ಸಾಗುವಳಿ ಒಂದೇ ಸಾಕ್ಷಿ. ಪೋಡಿಯಾಗದೆ ಇಂಥ ಜಮೀನು ಕೊಳ್ಳುವುದೆಂದರೆ ಸಂತೆಯಲ್ಲಿ ಕಣ್ಣುಮುಚ್ಚಿ ಕೈ ಹಾಕಿದಂತೆ.

ಮಂಜೂರಾದ ಜಮೀನಾದರೆ ಮಂಜೂರಾತಿಯ ಷರತ್ತುಗಳನ್ನೂ ಓದಿಸಬೇಕು. ಇಂತಿಷ್ಟು ವರ್ಷ ಪರಭಾರೆ ಮಾಡಬಾರದೆಂಬ ಷರತ್ತು ಇರುವುದುಂಟು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಕೊಂಡರೆ 1978ರ ಪಿ.ಟಿ.ಸಿ.ಎಲ್. ಕಾಯ್ದೆಯಂತೆ ಆ ಕ್ರಯ ಊರ್ಜಿತವಾಗುವುದಿಲ್ಲ. 2023ರ ತಿದ್ದುಪಡಿಯ ನಂತರ ಇಂಥ ಪ್ರಕರಣಗಳಿಗೆ ಕಾಲಮಿತಿಯ ಆಸರೆಯೂ ಇಲ್ಲ. ಇದು ಮೋಜಣಿದಾರರು ಹೇಳುವ ವಿಷಯವಲ್ಲ. ಮೋಜಣಿ ಗಡಿಯನ್ನು ತೋರಿಸುತ್ತದೆ, ಹಕ್ಕನ್ನು ಕೊಡುವುದಿಲ್ಲ. ಹಕ್ಕಿನ ವಿಚಾರಕ್ಕೆ ವಕೀಲರನ್ನು ಕಾಣಬೇಕು. ಉಪನೋಂದಣಾಧಿಕಾರಿಗಳ ಕಚೇರಿಯಿಂದ ಋಣಭಾರ ಪತ್ರವನ್ನು ಆದಷ್ಟು ಹಿಂದಿನ ವರ್ಷಗಳಿಂದ ತೆಗೆಸಬೇಕು.

ಖರಾಬು, ಬೆಟ್ಟ, ಕುಮ್ಕಿ

ಖರಾಬು ಎಂಬ ಒಂದು ಮಾತಿನೊಳಗೆ ಎರಡು ಬಗೆಗಳಿವೆ. ಮೋಜಣಿಯ ಕಾಲದಲ್ಲಿ ಬೇಸಾಯಕ್ಕೆ ಯೋಗ್ಯವಲ್ಲವೆಂದು ಬಿಟ್ಟ ಬಂಡೆ, ಕೊರಕಲು, ಹಿಡುವಳಿದಾರನ ಕಣ ಮತ್ತು ಕೊಟ್ಟಿಗೆಯ ಜಾಗ "ಎ" ಖರಾಬು. ಇದಕ್ಕೆ ಕಂದಾಯವಿಲ್ಲ, ಆದರೆ ಇದು ಹಿಡುವಳಿಯ ಭಾಗವೇ. ರಸ್ತೆ, ರೂಢಿಯ ಕಾಲುದಾರಿ, ಬೇರೆಯವರೂ ನೀರಿಗೆ ಬಳಸುವ ಹಳ್ಳ, ಕೆರೆ, ಸ್ಮಶಾನ ಮುಂತಾದ ಸಾರ್ವಜನಿಕ ಉಪಯೋಗದ ಜಾಗ "ಬಿ" ಖರಾಬು. ಇದನ್ನು ಮಾರುವ ಅಧಿಕಾರ ಯಾರಿಗೂ ಇಲ್ಲ. ಪಹಣಿಯಲ್ಲಿ ಎರಡನ್ನೂ ಬೇರೆ ಬೇರೆಯಾಗಿ ತೋರಿಸಿರುತ್ತದೆ. ಹಳ್ಳದ ದಂಡೆಯ ತೋಟಗಳಲ್ಲಿ ಹಳ್ಳವನ್ನು ಒತ್ತಿ ತೆಂಗು, ಬಾಳೆ ಹಾಕಿರುವುದು ಕಣ್ಣಿಗೆ ಚೆಂದ ಕಾಣುತ್ತದೆ. ಆ ಮರಗಳಿಗೆ ಹಣ ಕೊಡುವ ಮುನ್ನ ಅವು ಯಾವ ಖರಾಬಿನಲ್ಲಿವೆ ಎಂದು ಅಳೆಯಿಸಿ ನೋಡಬೇಕು.

ಮಲೆನಾಡು, ಕರಾವಳಿಗಳಲ್ಲಿ ಇನ್ನೊಂದು ತೊಡಕಿದೆ. ಉತ್ತರ ಕನ್ನಡದಲ್ಲಿ ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟವಿರುತ್ತದೆ. ದಕ್ಷಿಣ ಕನ್ನಡದಲ್ಲಿ ಹಳೆಯ ವರ್ಗದ ಜಮೀನಿನ ಅಂಚಿನಿಂದ 100 ಗಜದೊಳಗೆ ಕುಮ್ಕಿ ಇರುತ್ತದೆ. ಇವು ಸೊಪ್ಪು, ಸೌದೆ, ಮೇವಿನ ಸವಲತ್ತುಗಳೇ ಹೊರತು ಒಡೆತನವಲ್ಲ. "ಎರಡೆಕರೆ ತೋಟ, ಮೂರೆಕರೆ ಬೆಟ್ಟ, ಒಟ್ಟು ಐದೆಕರೆ" ಎಂದು ಬೆಲೆ ಹೇಳುವವರಿಗೆ ಎರಡೆಕರೆಯ ಬೆಲೆ ಕೇಳುವುದೇ ಸರಿಯಾದ ಉತ್ತರ. ಮನೆಯೋ ಗೋದಾಮೋ ಆ ಬೆಟ್ಟದಲ್ಲೇ ಕಟ್ಟಿದ್ದರಂತೂ ಕೊಳ್ಳದಿರುವುದೇ ಲೇಸು.

ಮನೆ ಯಾರ ನೆಲದ ಮೇಲಿದೆ?

ಊರೊಳಗಿನ ಮನೆಗೆ ಪಹಣಿಯಿರುವುದಿಲ್ಲ, ಅದು ಗ್ರಾಮಠಾಣೆಯಲ್ಲಿರುತ್ತದೆ. ಅದರ ದಾಖಲೆ ಗ್ರಾಮ ಪಂಚಾಯಿತಿಯ ಇ-ಸ್ವತ್ತು. ಗ್ರಾಮಠಾಣೆಯೊಳಗಿನ, ಇಲ್ಲವೆ ಭೂಪರಿವರ್ತನೆಯಾಗಿ ನಕ್ಷೆ ಮಂಜೂರಾದ ಸ್ವತ್ತಿಗೆ ನಮೂನೆ 9 ಸಿಗುತ್ತದೆ. ಇವೆರಡರಲ್ಲೂ ಸೇರದ ಸ್ವತ್ತಿಗೆ ಕೊಡುವುದು ನಮೂನೆ 11-ಬಿ. ಎರಡಕ್ಕೂ ಒಂದೇ ಬೆಲೆ ಕಟ್ಟಬಾರದು. ಗ್ರಾಮಠಾಣೆಗಳನ್ನು ಡ್ರೋನ್‌ನಿಂದ ಅಳೆದು ಆಸ್ತಿ ಕಾರ್ಡ್ ಕೊಡುವ ಸ್ವಾಮಿತ್ವ ಯೋಜನೆ 2020ರ ಏಪ್ರಿಲ್ 24ರಂದು ಪ್ರಾರಂಭವಾಯಿತು. ಅಳತೆ ಮುಗಿದ ಊರಾದರೆ ಆ ನಕ್ಷೆಯನ್ನು ಪಂಚಾಯಿತಿಯಲ್ಲಿ ನೋಡಬಹುದು. ಹಿತ್ತಲು, ದನದ ಕೊಟ್ಟಿಗೆ, ತಿಪ್ಪೆಗುಂಡಿಗಳು ಮನೆಯ ಅಳತೆಯಲ್ಲಿ ಸೇರಿವೆಯೇ ಎಂಬುದನ್ನು ಮುಖ್ಯವಾಗಿ ಪರೀಕ್ಷಿಸಬೇಕು.

ಹೊಲದೊಳಗಿನ ಮನೆಯ ಕಥೆ ಬೇರೆ. ಸಾಗುವಳಿಗೆ ಬೇಕಾದ ಕಟ್ಟಡ, ಬಾವಿಗಳನ್ನು ಭೂಪರಿವರ್ತನೆಯಿಲ್ಲದೆ ಕಟ್ಟಲು ಹಿಡುವಳಿದಾರನಿಗೆ ಅವಕಾಶವಿದೆ. ಹಾಗಾಗಿ ತಂದೆಯ ಕಾಲದಲ್ಲಿ ಹೊಲ ಒಂದೇ ಆಗಿದ್ದಾಗ ಅನುಕೂಲ ಕಂಡಲ್ಲಿ ಮನೆ ಕಟ್ಟಿರುತ್ತಾರೆ, ನೀರು ಕಂಡಲ್ಲಿ ಬಾವಿ ತೋಡಿರುತ್ತಾರೆ. ಮಕ್ಕಳು ಪಾಲಾಗುವಾಗ ಗೆರೆ ಎಲ್ಲೋ ಹಾದುಹೋಗುತ್ತದೆ.

ಬಯಲುಸೀಮೆಯ ಒಂದು ಹಳ್ಳಿಯಲ್ಲಿ ನಡೆದದ್ದನ್ನು ಇಲ್ಲಿ ಹೇಳಬಹುದು. ನಿವೃತ್ತ ಶಿಕ್ಷಕರೊಬ್ಬರು ಎರಡೆಕರೆ ಹೊಲವನ್ನೂ ಅದರಲ್ಲಿನ ಹೆಂಚಿನ ಮನೆಯನ್ನೂ ಕೊಂಡರು. ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಇಂಥವರ ಜಮೀನು ಎಂದೆಲ್ಲ ಸರಿಯಾಗಿಯೇ ಬರೆದಿತ್ತು. ಮೂರನೆಯ ವರ್ಷ ಪಕ್ಕದ ಹಿಸ್ಸೆಯವರು, ಅಂದರೆ ಮಾರಿದವರ ತಮ್ಮನ ಮಕ್ಕಳು, ತಮ್ಮ ಜಮೀನಿಗೆ ಹದ್ದುಬಸ್ತು ಮಾಡಿಸಿದರು. ಗೆರೆ ಮನೆಯ ಹಿಂಗೋಡೆಗೆ ನಾಲ್ಕಡಿ ಈಚೆಗೆ, ಅಡುಗೆಮನೆಯೊಳಗೆ ಹಾದುಹೋಯಿತು. ಬಾವಿ ಪೂರ್ತಿಯಾಗಿ ಆಚೆಗೆ ಹೋಯಿತು. ಮಾರಿದ ಅಣ್ಣ ಮೋಸ ಮಾಡಿದನೆಂದು ಹೇಳುವಂತಿರಲಿಲ್ಲ. ಆತನಿಗೂ ಗೊತ್ತಿರಲಿಲ್ಲ. ಅಣ್ಣತಮ್ಮಂದಿರು ಒಂದೇ ಬಾವಿಯಿಂದ ನೀರೆತ್ತಿಕೊಂಡು ಮೂವತ್ತು ವರ್ಷ ಕಳೆದಿದ್ದರು, ಗೆರೆ ಕೇಳುವ ಪ್ರಸಂಗವೇ ಬಂದಿರಲಿಲ್ಲ. ಕೊನೆಗೆ ಶಿಕ್ಷಕರು ಅಡುಗೆಮನೆಯ ಜಾಗವನ್ನೂ ಬಾವಿಯಲ್ಲಿ ಅರ್ಧ ಪಾಲನ್ನೂ ಹೊಸದಾಗಿ ಕ್ರಯಕ್ಕೆ ತೆಗೆದುಕೊಳ್ಳಬೇಕಾಯಿತು. ಆ ಕೆಲವು ಗುಂಟೆಗಳಿಗೆ ಅವರು ಕೊಟ್ಟದ್ದು ಹೊಲದ ಬೆಲೆಯಲ್ಲ, ಗರಜಿನ ಬೆಲೆ.

ಬಾವಿ ಪಾಲಿನದಾದರೆ ಎಷ್ಟು ಪಾಲು, ವಾರದಲ್ಲಿ ಯಾವ ದಿನದ ಸರದಿ, ಕೊಳವೆ ಯಾರ ಹೊಲದ ಮೂಲಕ ಬರುತ್ತದೆ ಎಂಬುದೆಲ್ಲ ಕ್ರಯಪತ್ರದಲ್ಲಿ ಬರಬೇಕು. ದಾರಿಯ ವಿಷಯವೂ ಹಾಗೆಯೇ. ಗ್ರಾಮನಕಾಶೆಯಲ್ಲಿ ಬಂಡಿದಾರಿ, ಕಾಲುದಾರಿಗಳನ್ನು ಚುಕ್ಕೆಗೆರೆಗಳಿಂದ ತೋರಿಸಿರುತ್ತದೆ. ನಿಮ್ಮ ಹೊಲಕ್ಕೆ ಹೋಗುವ ದಾರಿ ಅದರಲ್ಲಿ ಇಲ್ಲವಾದರೆ ಅದು ಪಕ್ಕದವರ ದಾಕ್ಷಿಣ್ಯದ ದಾರಿ. 1882ರ ಈಸ್‌ಮೆಂಟ್ ಕಾಯ್ದೆಯಂತೆ 20 ವರ್ಷ ನಿರಾತಂಕವಾಗಿ ಹಕ್ಕೆಂದು ಬಳಸಿದ ದಾರಿಗೆ ರಕ್ಷಣೆ ಉಂಟು. ಆದರೆ ಅದನ್ನು ನ್ಯಾಯಾಲಯದಲ್ಲಿ ರುಜುವಾತು ಮಾಡಬೇಕು, ಅಷ್ಟರಲ್ಲಿ ಎರಡು ಬೆಳೆ ಹೊಲದಲ್ಲೇ ಕೊಳೆತಿರುತ್ತವೆ. ಟ್ರಾಕ್ಟರು ಹೋಗುವಷ್ಟು ಅಗಲವಿದೆಯೇ ಎಂದು ಸುಗ್ಗಿಯ ಕಾಲದಲ್ಲಿ ಹೋಗಿ ನೋಡಬೇಕು. ಬೇಸಗೆಯಲ್ಲಿ ಎಲ್ಲ ಹೊಲಗಳೂ ದಾರಿಯಾಗಿಯೇ ಕಾಣುತ್ತವೆ.

ಯಾರಿಂದ ಅಳೆಯಿಸಬೇಕು?

ಪೂರ್ತಿ ಸರ್ವೆ ನಂಬರನ್ನೋ ಪೋಡಿಯಾದ ಹಿಸ್ಸೆಯನ್ನೋ ಕೊಳ್ಳುವುದಾದರೆ ಹದ್ದುಬಸ್ತು ಮಾಡಿಸಬೇಕು. ಸರ್ವೆ ನಂಬರಿನ ಒಂದು ಭಾಗವನ್ನು ಕೊಳ್ಳುವುದಾದರೆ 11-ಇ ನಕ್ಷೆ ಬೇಕು. ಇದಿಲ್ಲದೆ ಸಾಗುವಳಿ ಜಮೀನಿನ ಭಾಗದ ಕ್ರಯ ನೋಂದಣಿಯಾಗುವುದಿಲ್ಲ. ಮೋಜಣಿ ಇಲಾಖೆಯಿಂದ ಪರವಾನಗಿ ಪಡೆದ ಭೂಮಾಪಕರು ಇದನ್ನು ತಯಾರಿಸುತ್ತಾರೆ. ಅರ್ಜಿಯನ್ನು ನಾಡಕಚೇರಿಯಲ್ಲೂ ಕೊಡಬಹುದು.

ಇಲ್ಲೊಂದು ಮುಖ್ಯ ಸಂಗತಿ ಇದೆ. ಅರ್ಜಿ ಹಾಕಬೇಕಾದವರು ಖಾತೆದಾರರು, ಅಂದರೆ ಮಾರುವವರು, ಕೊಳ್ಳುವವರಲ್ಲ. ಶುಲ್ಕವನ್ನು ನೀವೇ ಕೊಟ್ಟರೂ ಸರಿ, ಅರ್ಜಿ ಅವರ ಹೆಸರಿನಲ್ಲಿಯೇ ಹೋಗಬೇಕು. ಮೋಜಣಿ ಎಂದ ಕೂಡಲೇ "ನಮ್ಮ ಮಾತಿನ ಮೇಲೆ ನಂಬಿಕೆ ಇಲ್ಲವೇ" ಎಂದು ಮುಖ ಗಂಟಿಕ್ಕುವ ಮಾರಾಟಗಾರರು ಉಂಟು. ನೆಂಟಸ್ತಿಕೆಯ ವ್ಯಾಪಾರದಲ್ಲಿ ಇದು ಹೆಚ್ಚು. ಆಗ ದಾಕ್ಷಿಣ್ಯಕ್ಕೆ ಬೀಳಬಾರದು. ನಂಬಿಕೆ ಮನುಷ್ಯನ ಮೇಲೆ, ಅಳತೆ ನೆಲದ್ದು ಎಂದು ಮೃದುವಾಗಿ ಹೇಳಿ ಅರ್ಜಿಗೆ ರುಜು ಹಾಕಿಸಬೇಕು.

ಅಳೆಯಲು ಒಳ್ಳೆಯ ಕಾಲವೆಂದರೆ ಕೊಯ್ಲಾದ ಮೇಲಿನ ತಿಂಗಳುಗಳು. ನಿಂತ ಜೋಳದಲ್ಲೂ ಕಬ್ಬಿನಲ್ಲೂ ನೇರಗೆರೆ ಹಿಡಿಯಲಾಗುವುದಿಲ್ಲ. ಅಕ್ಕಪಕ್ಕದ ಹಿಡುವಳಿದಾರರಿಗೆ ಮುಂಚಿತವಾಗಿ ನೋಟೀಸು ಹೋಗುತ್ತದೆ. ಅವರು ಬರುವಂತೆ ನೀವೂ ಹೋಗಿ ಕರೆಯಬೇಕು. ಅವರಿಲ್ಲದೆ ನೆಟ್ಟ ಕಲ್ಲು ರಾತ್ರಿಯೇ ಕಾಣೆಯಾಗುತ್ತದೆ. ಮೋಜಣಿದಾರರು ಟಿಪ್ಪಣಿಯ ಪ್ರತಿ ತಂದು ಮೊದಲು ಹಳೆಯ ಬಾಂದುಕಲ್ಲುಗಳನ್ನು ಹುಡುಕುತ್ತಾರೆ. ಬದುವಿನ ಮಣ್ಣಿನಲ್ಲಿ ಒಂದೆರಡು ಅಡಿ ಹೂತುಹೋದ ಕಲ್ಲುಗಳು ಸಿಗುವುದುಂಟು. ಆದುದರಿಂದ ಗುದ್ದಲಿ ಹಿಡಿದ ಇಬ್ಬರು ಆಳುಗಳೂ, ಊರಿನ ಗಡಿ ಬಲ್ಲ ಹಿರಿಯರೊಬ್ಬರೂ ಜೊತೆಗಿದ್ದರೆ ಕೆಲಸ ಬೇಗ ಆಗುತ್ತದೆ. ಎರಡು ಮೂರು ಕಲ್ಲುಗಳು ಸಿಕ್ಕಿ ಅವುಗಳ ನಡುವಿನ ಅಂತರ ಟಿಪ್ಪಣಿಗೆ ಹೊಂದಿದರೆ ಉಳಿದವನ್ನು ಅಳತೆಯಿಂದಲೇ ಗುರುತಿಸಬಹುದು. ಒಂದೇ ಕಲ್ಲಿನಿಂದ ಹೊರಟ ಅಳತೆಗೆ ಬೆಲೆ ಕಡಿಮೆ. ಈಗ ಅನೇಕ ಕಡೆ ಉಪಗ್ರಹದ ಸಂಕೇತ ಹಿಡಿಯುವ ರೋವರ್ ಬಂದಿದೆ. ಆದರೂ ಆಧಾರವಾಗಿ ನಿಲ್ಲುವುದು ಅದೇ ಹಳೆಯ ಟಿಪ್ಪಣಿ.

ಅಳತೆ ಮುಗಿದಾಗ ಕಲ್ಲು ನೆಡಿಸಿ, ಮಹಜರಿಗೆ ಹಾಜರಿದ್ದವರೆಲ್ಲರ ರುಜು ಹಾಕಿಸಿ, ನಕ್ಷೆಯ ಪ್ರತಿ ಪಡೆಯಬೇಕು. ಒಪ್ಪಿಗೆಯಾಗದವರು ತಾಲ್ಲೂಕಿನ ಭೂದಾಖಲೆಗಳ ಸಹಾಯಕ ನಿರ್ದೇಶಕರಿಗೆ ಅರ್ಜಿ ಕೊಡಬಹುದು. ಒತ್ತುವರಿ ಕಂಡುಬಂದರೆ ಅದನ್ನು ಬಿಡಿಸಿಕೊಡುವುದು ಮೋಜಣಿದಾರರ ಕೆಲಸವಲ್ಲ. ಖಾಸಗಿ ಜಮೀನಿನಲ್ಲಿ 12 ವರ್ಷ ಎದುರು ಸ್ವಾಧೀನದಲ್ಲಿದ್ದವರು ಕಾಲಮಿತಿಯ ಕಾಯ್ದೆಯ ಆಶ್ರಯ ಕೇಳಬಹುದು ಎಂಬುದೂ ನೆನಪಿರಲಿ. ಒತ್ತುವರಿ ಎಂದರೆ ಜೆ.ಸಿ.ಬಿ. ತಂದು ಅಗೆಯುವುದೇ ಆಗಬೇಕಿಲ್ಲ. ಉಳುವಾಗ ವರ್ಷಕ್ಕೆ ಮೂರು ಅಂಗುಲ ಬದು ಕೊರೆದರೆ 20 ವರ್ಷಕ್ಕೆ ಐದಡಿ. 400 ಅಡಿ ಉದ್ದದ ಬದುವಿನಲ್ಲಿ ಅದು 2,000 ಚದರಡಿ, ಹತ್ತಿರ ಹತ್ತಿರ ಎರಡು ಗುಂಟೆ.

ಮೊಬೈಲಿನ ದಿಶಾಂಕ್ ಆ್ಯಪಿನಲ್ಲಿ ನಿಂತ ಜಾಗದ ಸರ್ವೆ ನಂಬರು ಕಾಣುತ್ತದೆ. ಯಾವ ಸರ್ವೆ ನಂಬರಿನಲ್ಲಿದ್ದೇವೆ, ಪಕ್ಕದಲ್ಲಿ ಕೆರೆಯಿದೆಯೇ, ಸರ್ಕಾರಿ ಜಮೀನಿದೆಯೇ ಎಂದು ಅಂದಾಜು ನೋಡಲು ಅದು ಬಹಳ ಉಪಯುಕ್ತ. ಗಡಿ ಹಿಡಿಯಲು ಮಾತ್ರ ಬಳಸಬಾರದು. ಮೊಬೈಲಿನ ಸ್ಥಾನಸೂಚಕ ಐದು ಮೀಟರ್ ಆಚೀಚೆ ತೋರಿಸಿದರೆ 400 ಅಡಿ ಬದುವಿನಲ್ಲಿ ಆರು ಗುಂಟೆಯ ವ್ಯತ್ಯಾಸ ಬರುತ್ತದೆ. ಆ್ಯಪ್ ತೋರಿಸಿ ನೆರೆಯವರೊಡನೆ ಜಗಳಕ್ಕೆ ನಿಲ್ಲುವ ಹೊಸ ರೂಢಿ ಕೆಲವು ಊರುಗಳಲ್ಲಿ ಕಾಣಿಸಿಕೊಂಡಿದೆ.

ಗೋಡೆ, ಮಣ್ಣು, ನೀರು

ಗಡಿ ತಿಳಿದ ಮೇಲೆ ಒಳಗಿರುವುದರ ಪರೀಕ್ಷೆ. ಮನೆಯನ್ನು ಅನುಭವಿ ಮೇಸ್ತ್ರಿಯೊಬ್ಬರಿಗೋ ಎಂಜಿನಿಯರರಿಗೋ ತೋರಿಸಬೇಕು. ಧಾರವಾಡ, ಗದಗ, ವಿಜಯಪುರ, ರಾಯಚೂರು ಕಡೆಯ ಎರೆಭೂಮಿಯಲ್ಲಿ ಕಟ್ಟಿದ ಮನೆಗೆ ಇದು ಬಹಳ ಅವಶ್ಯ. ಎರೆಮಣ್ಣು ಮಳೆಯಲ್ಲಿ ಹಿಗ್ಗಿ ಬೇಸಗೆಯಲ್ಲಿ ಕುಗ್ಗುತ್ತದೆ. ಬಿರುಕುಗಳು ಮೂರು ನಾಲ್ಕು ಅಡಿ ಆಳಕ್ಕೂ ಹೋಗುತ್ತವೆ. ತಳಪಾಯ ಆ ಪದರದೊಳಗೇ ನಿಂತಿದ್ದರೆ ಕಿಟಕಿ, ಬಾಗಿಲುಗಳ ಮೂಲೆಯಿಂದ ಓರೆಯಾಗಿ ಮೇಲೇರುವ ಬಿರುಕು ಕಾಣಿಸುತ್ತದೆ. ಮಾರಾಟಕ್ಕೆ ಮುಂಚೆ ಸುಣ್ಣ ಬಳಿದು ಮುಚ್ಚಿರಬಹುದು, ಆದುದರಿಂದ ಹೊಸ ಸುಣ್ಣ ಕಂಡಲ್ಲಿ ಕೈಯಿಂದ ತಡವಿ ನೋಡಬೇಕು. ಕೆಂಪುಮಣ್ಣಿನ ಸೀಮೆಯಲ್ಲಿ ಇದರ ಭಯ ಕಡಿಮೆ, ಗೆದ್ದಲಿನ ಭಯ ಹೆಚ್ಚು. ತೊಲೆ, ಜಂತಿಗಳು ಗೋಡೆಯೊಳಗೆ ಸೇರುವ ತುದಿಯನ್ನು ಉಳಿಯಿಂದ ಕುಟ್ಟಿ ನೋಡಬೇಕು, ಟೊಳ್ಳು ಸದ್ದು ಬಂದರೆ ಛಾವಣಿ ಹೊಸದಾಗಿ ಹಾಕಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಬೇಕು. ಶೌಚದ ಗುಂಡಿ ಕುಡಿಯುವ ನೀರಿನ ಬಾವಿಯಿಂದ ಸುಮಾರು 50 ಅಡಿಯಾದರೂ ದೂರವಿರಬೇಕು.

ಮಣ್ಣಿಗೆ ಹೊಲದ ಮೂರು ನಾಲ್ಕು ಕಡೆ ಮೂರಡಿ ಆಳದ ಗುಂಡಿ ತೋಡಿಸಿ. ಮೇಲೆ ಒಂಬತ್ತು ಅಂಗುಲ ಒಳ್ಳೆಯ ಮಣ್ಣು, ಕೆಳಗೆ ಗೊರಚೋ ಸುಣ್ಣದ ಹರಳೋ ಇದ್ದರೆ ಅಲ್ಲಿ ತೋಟದ ಆಸೆ ಬಿಡಬೇಕು. ತುಂಗಭದ್ರಾ, ಕೃಷ್ಣಾ ಅಚ್ಚುಕಟ್ಟಿನ ತಗ್ಗು ಭೂಮಿಯಲ್ಲಿ ಬೇಸಗೆಯಲ್ಲಿ ನೆಲದ ಮೇಲೆ ಬಿಳಿಯ ಪುಡಿ ಕಂಡರೆ ಅದು ಸವಳಿನ ಗುರುತು. ಮಣ್ಣು ಮತ್ತು ಬಾವಿಯ ನೀರಿನ ಮಾದರಿಗಳನ್ನು ಹತ್ತಿರದ ಪ್ರಯೋಗಾಲಯಕ್ಕೆ ಕಳಿಸಬೇಕು.

ಕೊಳವೆಬಾವಿಯ ನೀರನ್ನು ಏಪ್ರಿಲ್, ಮೇ ತಿಂಗಳಲ್ಲಿ ನೋಡಬೇಕು, ಅದೂ ಎರಡು ಮೂರು ಗಂಟೆ ಬಿಡದೆ ಪಂಪು ನಡೆಸಿದ ಮೇಲೆ. 200 ಲೀಟರಿನ ಡ್ರಮ್ಮು 100 ಸೆಕೆಂಡಿಗೆ ತುಂಬಿದರೆ ಗಂಟೆಗೆ 7,200 ಲೀಟರ್. ಎಕರೆಗೆ ಒಂದು ಅಂಗುಲ ನೀರು ನಿಲ್ಲಿಸಲು ಒಂದು ಲಕ್ಷ ಲೀಟರಿಗೂ ಮೇಲೆ ಬೇಕು. ಅಂದರೆ ಹದಿನಾಲ್ಕು ಗಂಟೆಗಿಂತ ಹೆಚ್ಚು ವಿದ್ಯುತ್ತು. "ಎರಡಂಗುಲ ನೀರಿದೆ" ಎಂಬ ಮಾತನ್ನು ಈ ಲೆಕ್ಕಕ್ಕೆ ಇಳಿಸಿಯೇ ಬೆಲೆ ಕಟ್ಟತಕ್ಕದ್ದು. ಮನೆಯನ್ನು ಮಾತ್ರ ಮಳೆಗಾಲದಲ್ಲಿ ಇನ್ನೊಮ್ಮೆ ಹೋಗಿ ನೋಡುವುದು ಒಳ್ಳೆಯದು, ಸೋರುವ ಛಾವಣಿಯೂ ಅಂಗಳಕ್ಕೆ ನುಗ್ಗುವ ನೀರೂ ಬೇಸಗೆಯಲ್ಲಿ ಕಾಣುವುದಿಲ್ಲ.

ಕರಾರಿನಲ್ಲಿ ಬರಬೇಕಾದದ್ದು

ಮುಂಗಡ ಕೊಡುವಾಗ ಬರೆಯುವ ಕರಾರಿನಲ್ಲಿ ಮೂರು ಮಾತುಗಳನ್ನು ಸೇರಿಸಬೇಕು. ಮಾರುವವರು ಬಾಕಿ ಹಣ ಪಡೆಯುವ ಮುನ್ನ ತಮ್ಮ ಹೆಸರಿನಲ್ಲಿ ಮೋಜಣಿ ಮಾಡಿಸಿ ಕಲ್ಲು ನೆಡಿಸಿಕೊಡತಕ್ಕದ್ದು. ಒಟ್ಟು ಬೆಲೆಯ ಬದಲು ಗುಂಟೆಗೆ ಇಷ್ಟು ಎಂದು ದರ ಬರೆದು, ಅಳತೆಯಲ್ಲಿ ಬಂದ "ಬಿ" ಖರಾಬು ಬಿಟ್ಟ ವಿಸ್ತೀರ್ಣಕ್ಕೆ ಮಾತ್ರ ಹಣ ಸಲ್ಲತಕ್ಕದ್ದು. ಮನೆ, ಬಾವಿ, ದಾರಿ ಇವುಗಳಲ್ಲಿ ಯಾವುದಾದರೂ ಗಡಿಯ ಹೊರಗೆ ಬಂದಲ್ಲಿ ಮುಂಗಡ ವಾಪಸಾಗತಕ್ಕದ್ದು. ಈ ಮೂರನ್ನೂ ಒಪ್ಪದ ಮಾರಾಟಗಾರರಿಗೆ ಏನೋ ಗೊತ್ತಿದೆ ಎಂದೇ ತಿಳಿಯಬೇಕು.

ಕ್ರಯಪತ್ರದ ಷೆಡ್ಯೂಲಿನಲ್ಲಿ ಚಕ್ಕುಬಂದಿಯ ಜೊತೆಗೆ ಮೋಜಣಿ ನಕ್ಷೆಯನ್ನೂ ಲಗತ್ತಿಸಿ, ನಾಲ್ಕೂ ಬದಿಗಳ ಅಳತೆಯನ್ನು ಅಂಕಿಯಲ್ಲಿ ಬರೆಸಬೇಕು. ನೋಂದಣಿಯ ನಂತರ ಮ್ಯುಟೇಷನ್ ಆಗಿ ಹೊಸ ಪಹಣಿಯ 9ನೆಯ ಕಾಲಮ್ಮಿನಲ್ಲಿ ನಿಮ್ಮ ಹೆಸರೂ, 3ನೆಯ ಕಾಲಮ್ಮಿನಲ್ಲಿ ಅಳತೆಯ ವಿಸ್ತೀರ್ಣವೂ ಬಂದಿದೆಯೇ ನೋಡಿಕೊಳ್ಳಬೇಕು. ಪಂಪ್‌ಸೆಟ್ಟಿನ ಮತ್ತು ಮನೆಯ ಆರ್.ಆರ್. ನಂಬರುಗಳನ್ನು ವಿದ್ಯುತ್ ಕಂಪನಿಯ ಉಪವಿಭಾಗ ಕಚೇರಿಯಲ್ಲಿ ಅದೇ ತಿಂಗಳು ವರ್ಗಾಯಿಸಿಕೊಳ್ಳಬೇಕು. ಹೊಸದಾಗಿ ನೆಟ್ಟ ಕಲ್ಲುಗಳ ಸುತ್ತ ಎರಡಡಿ ಜಾಗವನ್ನು ಉಳದೆ ಬಿಟ್ಟು ಕತ್ತಾಳೆಯನ್ನೋ ಲಕ್ಕಿಗಿಡವನ್ನೋ ಹಚ್ಚಿದರೆ ನೇಗಿಲಿಗೂ ಟ್ರಾಕ್ಟರಿಗೂ ಸಿಗದೆ ಕಲ್ಲು ನಿಲ್ಲುತ್ತದೆ.